ಹೊನ್ನೂರಮ್ಮನ ಬರಿ ಯಂತ್ರ

ತುಂಬಾ ಹಿಂದಿನ ಮಾತು, ಕೇಳಿ. ಗುಡ್ಡದ ಊರುಗಳಿಗೆ ಇಂಟರ್ನೆಟ್ಟು ಹನಿಹನಿಯಾಗಿ ತೊಟ್ಟಿಕ್ಕುತ್ತಿದ್ದ ಕಾಲ. ಒಂದೂರಲ್ಲಿ ಹೊನ್ನೂರಮ್ಮ ಅಂತ ಒಬ್ಬಳಿದ್ದಳಂತೆ. ಎಲ್ಲೋ ಯಾರೋ ಬರೆದ ವೆಬ್ ತಂತ್ರಾಂಶವನ್ನು ಲಿನಕ್ಸ್ ಯಂತ್ರಗಳಿಗೆ ಹೊಂದುವಂತೆ ಪ್ಯಾಕೇಜ್ ಕಟ್ಟುವುದು ಅವಳ ಕಸುಬು. ಅವಳು ಕಟ್ಟಿದ್ದು ಎಂದೂ ಕೈಕೊಟ್ಟಿಲ್ಲ ಅಂತಾರೆ. ಸುಳ್ಳು. ಒಂದು ಸಲ ಕೈಕೊಟ್ಟಿತ್ತು, ಕಥೆ ಇರುವುದೇ ಅಲ್ಲಿ.

ಆ ಕಾಲದ ಕಟ್ಟುಗಾರರಿಗೆ ಒಂದು ಚಟ. ತಂತ್ರಾಂಶ ಬರೆದವನು ಹೆಸರಿಸಿದ ಬೇರೆ ತಂತ್ರಾಂಶಗಳನ್ನೆಲ್ಲ ಹಿಂದೆಮುಂದೆ ನೋಡದೆ 'ಇದಿಲ್ಲದೆ ನಡೆಯದು' ಎಂದು ಬರೆದುಬಿಡುವರಂತೆ. ಒಬ್ಬರನ್ನು ಊಟಕ್ಕೆ ಕರೆದರೆ ಓಣಿಯೇ ಎದ್ದು ಬಂದ ಹಾಗೆ, ಒಂದು ಪ್ಯಾಕೇಜ್ ಹಾಕಿದರೆ ಅದರ ಹಿಂದೆ ನಲವತ್ತು ಬರುತ್ತಿದ್ದವಂತೆ. ಹೊನ್ನೂರಮ್ಮನೂ ಹಾಗೇ ಕಟ್ಟುತ್ತಿದ್ದಳು.

ಗುಡ್ಡದಾಚೆಯ ಕರೆಗಲ್ಲಿನಲ್ಲಿ ಗ್ರೇಸಮ್ಮ ಎಂಬ ನರ್ಸು. ಹಾವು ಕಡಿತದ ಮದ್ದು ಸುತ್ತಲಿನ ಯಾವ ಆಸ್ಪತ್ರೆಯಲ್ಲಿದೆ ಎಂದು ತೋರಿಸುವ ತಂತ್ರಾಂಶ ಅವಳಿಗೆ ಬೇಕಿತ್ತು. ಅದರ ಪ್ಯಾಕೇಜ್ ಕಟ್ಟಿದವಳು ಹೊನ್ನೂರಮ್ಮನೇ. ಮೂರು ದಿನ ಇಳಿಸಿಕೊಳ್ಳಲು ನೋಡಿದಳು. ಹಳೇ ಯಂತ್ರದಲ್ಲಿ ಜಾಗ ತುಂಬಿ ಮೂರೂ ದಿನ ಅರ್ಧಕ್ಕೇ ನಿಂತಿತು. ಅಷ್ಟರಲ್ಲಿ ಜೋಳ ಕೊಯ್ಯುವಾಗ ಹಾವು ಕಚ್ಚಿದ ಹುಲಿಗೆವ್ವನನ್ನು ಹೊತ್ತು ತಂದರು. ಮದ್ದು ಹುಡುಕುತ್ತಾ ಗಾಡಿ ತಪ್ಪು ಊರಿಗೆ ಹೋಯಿತು. ಹುಲಿಗೆವ್ವ ಉಳಿಯಲಿಲ್ಲ.

ಗ್ರೇಸಮ್ಮ ಬಸ್ಸು ಹತ್ತಿ ಬಂದು ಹೊನ್ನೂರಮ್ಮನ ಬಾಗಿಲಲ್ಲಿ ನಿಂತಳಂತೆ.

"ಅಕ್ಕಾ, ನನಗ ನಕ್ಷಾ ಬ್ಯಾಡ, ಚಿತ್ರ ಬ್ಯಾಡ. ಊರ ಹೆಸರೊಂದು ತೋರ್ಸಿದ್ರ ಸಾಕು."

ಹೊನ್ನೂರಮ್ಮನಿಗೆ ತಿಂದ ಅನ್ನ ಮೈಗೆ ಹತ್ತಲಿಲ್ಲ. ನಲವತ್ತನ್ನೂ ಬಿಚ್ಚಿ ಮೂರು ಗುಂಪು ಮಾಡಿದಳಂತೆ: ಬೇಕೇ ಬೇಕು, ಇದ್ದರೆ ಒಳ್ಳೆಯದು, ಇಷ್ಟವಿದ್ದರೆ ಹಾಕಿಕೊಳ್ಳಿ. ಬೇಕೇ ಬೇಕಾದವು ಆರೇ ಆರು! ಕಟ್ಟಿ ಕಳಿಸಿದಳು. ಕರೆಗಲ್ಲಿನಲ್ಲಿ ಅದು ಅರೆಗಳಿಗೆಯಲ್ಲಿ ಇಳಿಯಿತು, ಕಣ್ಣು ಬಿಟ್ಟಿತು, ಅಲ್ಲೇ ಸತ್ತಿತು.

ಯಾಕೆ ಅಂದರೆ, ತಂತ್ರಾಂಶ ಏಳುವಾಗಲೇ ನಕ್ಷೆಯ ಪ್ಯಾಕೇಜನ್ನು ಹುಡುಕುತ್ತಿತ್ತು. ಹೊನ್ನೂರಮ್ಮ ನಕ್ಷೆಯನ್ನು ಇಷ್ಟವಿದ್ದರೆ ಅನ್ನುವ ಗುಂಪಿಗೆ ಹಾಕಿದ್ದಳು. ಅವಳ ಯಂತ್ರದಲ್ಲಿ ಹಿಂದೆಂದೋ ಹಾಕಿದ ನಕ್ಷೆ ಉಳಿದುಕೊಂಡಿತ್ತು, ಹಾಗಾಗಿ ಅಲ್ಲಿ ಎಲ್ಲ ಸರಿಯಾಗಿ ನಡೆದಿತ್ತು. ತುಂಬಿದ ಮನೆಯಲ್ಲಿ ಕೂತು ಬಡವರ ಅಡುಗೆ ರುಚಿ ನೋಡಿದೆನಲ್ಲ ಎಂದು ತಲೆ ಚಚ್ಚಿಕೊಂಡಳಂತೆ.

ಆಮೇಲೆ ಒಂದು ಯಂತ್ರವನ್ನು ಬರಿದು ಮಾಡಿ ಎದುರಿಗಿಟ್ಟಳು. ಒಂದೊಂದನ್ನೇ ತೆಗೆದು ನೋಡುವಳು, ತಂತ್ರಾಂಶ ಏಳದೆ ಬಿದ್ದರೆ ಯಂತ್ರವನ್ನೆಲ್ಲ ಅಳಿಸಿ ಮತ್ತೆ ಹಾಕುವಳು. ನಕ್ಷೆ ಸಿಗದಿದ್ದರೆ ಬೀಳಬೇಡ, ಊರ ಹೆಸರು ಬರೆದು ತೋರಿಸು ಎಂದು ತಂತ್ರಾಂಶಕ್ಕೇ ಕಲಿಸಿದಳು. ಕೈಯಿಟ್ಟರೆ ಸಾಕು, ಯಾವುದು ಬೇಡ ಎಂದು ಅವಳಿಗೆ ತಿಳಿಯುತ್ತಿತ್ತು ಅಂತಾರೆ. ಕೈಯಿಟ್ಟಲ್ಲ ಮಹರಾಯರೇ, ನಲವತ್ತು ಸಲ ಅಳಿಸಿ ನಲವತ್ತು ಸಲ ಹಾಕಿ ತಿಳಿದದ್ದು!

ಮುಂದಿನ ಸುಗ್ಗಿಯಲ್ಲಿ ಹಾವು ಕಚ್ಚಿದ ಒಬ್ಬ ಕುರಿಗಾಹಿ ಮುದುಕನನ್ನು ಕರೆಗಲ್ಲಿಗೆ ಹೊತ್ತು ತಂದಾಗ ಪರದೆಯ ಮೇಲೆ ನಕ್ಷೆಯಿಲ್ಲ, ಚಿತ್ರವಿಲ್ಲ, ಒಂದು ಊರ ಹೆಸರು ಮಾತ್ರ. ಗಾಡಿ ನೇರ ಅಲ್ಲಿಗೆ ಹೋಯಿತು. ಮುದುಕ ನೂರು ವರ್ಷ ಬದುಕಿದ ಅಂತಾರೆ, ನೂರಿಪ್ಪತ್ತು ಅನ್ನುವವರೂ ಇದ್ದಾರೆ.

ಜನ ಆ ಬರಿ ಯಂತ್ರಕ್ಕೆ ಹೊನ್ನೂರಮ್ಮನ ಹೆಸರಿಡಲು ಬಂದರಂತೆ. ಅವಳು ಒಪ್ಪಲಿಲ್ಲ. ಅದಕ್ಕೆ ಹೆಸರು ಆಗಲೇ ಇದೆ ಅಂದಳಂತೆ.

ಇವತ್ತಿಗೂ ಆ ಸೀಮೆಯ ಕಟ್ಟುಗಾರರು ಪ್ಯಾಕೇಜ್ ಹೊರಗೆ ಬಿಡುವ ಮೊದಲು ಒಂದು ಬರಿ ಯಂತ್ರದಲ್ಲಿ ಹಾಕಿ ನೋಡುತ್ತಾರೆ. ಸುತ್ತ ಕೂತವರು ಒಂದೇ ಮಾತು ಕೇಳುತ್ತಾರೆ, "ಹುಲಿಗೆವ್ವ ಎದ್ದಳಾ?"

ಅವಳು ಎದ್ದ ಮೇಲೇ ಪ್ಯಾಕೇಜು ಊರು ಬಿಡುತ್ತದೆ.