ತನ್ನ ಎಡೆ ತಾನುಂಡವನ ಕಣಿವೆ

ಜಪಾನಿನ ಬೆಟ್ಟಸೀಮೆಯ ತೊಚಿನೊಸೆ ಎಂಬ ಹಳ್ಳಿಗೆ ಹೋಗುವವರು ಬಸ್ಸಿಳಿದು ದೇವದಾರುಗಳ ನಡುವೆ ಏರಬೇಕು. ಅಂಗೈ ಜೋಡಿಸಿ ನಿಲ್ಲಿಸಿದಂಥ ಕಡಿದಾದ ಹುಲ್ಲುಮಾಡುಗಳು, ಮಾಡಿನ ಸಂದಿಯಿಂದಲೇ ಸೋರುವ ಹೊಗೆ, ಎಲ್ಲಿಂದಲೋ ಕೇಳುವ ನೀರಿನ ಸದ್ದು. ಊರಿನ ಬೆನ್ನಿಗೆ ಎರಡು ಬೆಟ್ಟಗಳ ನಡುವೆ, ಏರಿ ಆಚೆಗೆ ದಾಟುವ ಒಂದು ಕಣಿವೆ. ಬಂದವರೆಲ್ಲ ಅಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಹೆಸರಿನ ಅರ್ಥ ಕೇಳಿದ ಮೇಲೆ ಬೇಗ ಬೇಗ ಇಳಿಯುತ್ತಾರೆ. ‘ತನ್ನ ಎಡೆ ತಾನುಂಡವನ ಕಣಿವೆ’ ಎಂದು ಅದರ ಹೆಸರು. ಇದರ ಕಥೆಯನ್ನು ಮನೆಗೊಂದು ಬಗೆಯಾಗಿ ಹೇಳುತ್ತಾರೆ. ಅವುಗಳಲ್ಲಿ ಎಲ್ಲಕ್ಕಿಂತ ನಂಬಲಾಗದ್ದೇ ನಿಜವಿರಬೇಕು. ಸುಳ್ಳು ಹೇಳುವವನು ಇಷ್ಟೊಂದು ಧೈರ್ಯ ಮಾಡುವುದಿಲ್ಲ.

ಹಿಂದೆ ಒಮ್ಮೆ, ಉಪ್ಪು ಜನರ ಬೆನ್ನೇರಿ ಬೆಟ್ಟ ಹತ್ತುತ್ತಿದ್ದ ಕಾಲದಲ್ಲಿ, ಈ ಊರಿನ ಕಿಸಾಕು ಎಂಬವನು ಉಪ್ಪು ತರಲು ಕಣಿವೆ ದಾಟಿ ಹೋದನಂತೆ. ಅವನು ಮರಳುವ ಮೊದಲೇ ಹಿಮ ಬಿದ್ದು ದಾರಿ ಮುಚ್ಚಿತು. ದೂರ ಹೋದವನಿಗೂ ಮನೆಯಲ್ಲಿ ದಿನವೂ ಊಟ ಬಡಿಸಿಡುವುದು ಅಲ್ಲಿನ ಪದ್ಧತಿ. ಮುಚ್ಚಿದ ಬಟ್ಟಲು, ಅದರ ಮುಂದೆ ಅಡ್ಡ ಮಲಗಿಸಿದ ಊಟದ ಕಡ್ಡಿಗಳು. ಮುಚ್ಚಳದೊಳಗೆ ಹನಿ ಕಟ್ಟಿದ್ದರೆ ಹೋದವನು ಕ್ಷೇಮ. ಸತ್ತವನಿಗಾದರೆ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿಡುತ್ತಾರೆ. ಕಿಸಾಕುವಿನ ಹೆಂಡತಿ ಒಸುಗಿ ಚಳಿಗಾಲವಿಡೀ ಕಡ್ಡಿ ಮಲಗಿಸುತ್ತಲೇ ಇದ್ದಳು. ಆದರೆ ಹಿಮ ಕರಗತೊಡಗಿದಾಗ ಯಾರೋ ಕಣಿವೆಯಾಚೆ ಸಿಕ್ಕ ಅವನ ಹುಲ್ಲುಟೋಪಿಯನ್ನು ತಂದುಕೊಟ್ಟರು. ಕಿಸಾಕುವಿನ ತಾಯಿ ಸಾಕಾಗುವಷ್ಟು ಅತ್ತು, ಎದ್ದು, ಮಗನ ಸ್ವಂತ ಬಟ್ಟಲಿಗೆ ಅನ್ನ ಹಾಕಿ ಕಡ್ಡಿ ಚುಚ್ಚಿ, ಕಣಿವೆಯ ಕಲ್ಲಿನ ಮೇಲೆ ಎಡೆ ಇಟ್ಟು ಬಂದಳು. ಒಸುಗಿ ಮಾತ್ರ ಮನೆಯಲ್ಲಿ ಗಂಡನ ಊಟವನ್ನು ತನ್ನ ಬಟ್ಟಲಿನಲ್ಲಿ ಬಡಿಸಿ ಕಡ್ಡಿ ಮಲಗಿಸಿದಳು.

ಟೋಪಿಯನ್ನು ಗಾಳಿ ಹಾರಿಸಿಕೊಂಡು ಹೋಗಿತ್ತು, ಅಷ್ಟೆ. ತಲೆ ಕಿಸಾಕುವಿನ ಬಳಿಯೇ ಇತ್ತು. ಅದೇ ದಿನ ಅವನು ಉಪ್ಪಿನ ಮೂಟೆ ಹೊತ್ತು ಕಣಿವೆ ಏರಿದ. ಹೊಟ್ಟೆ ಬೆನ್ನಿಗೆ ಅಂಟಿತ್ತು. ಕಲ್ಲಿನ ಮೇಲೆ ಅನ್ನ! ನೆಟ್ಟ ಕಡ್ಡಿಗಳನ್ನು ಕಂಡು ಅಳುಕಿದ. “ಯಾರಪ್ಪಾ ನೀನು, ಸಿಟ್ಟಾಗಬೇಡ. ನಿನಗಿನ್ನು ಹಸಿವಿಲ್ಲ, ನನಗೆ ಜೀವ ಹೋಗ್ತಾ ಇದೆ,” ಎಂದು ಕಡ್ಡಿ ಕಿತ್ತು ಗಬಗಬನೆ ತಿಂದ. ಕೊನೆಯ ಅಗುಳು ತೆಗೆದಾಗ ಬಟ್ಟಲಿನ ತಳದಲ್ಲಿ ಒಂದು ಸುಟ್ಟ ಕಲೆ ಕಂಡಿತು. ಮದುವೆಯಾದ ಹೊಸದರಲ್ಲಿ ತಾನೇ ಕೆಂಡ ಬೀಳಿಸಿ ಮಾಡಿದ ಕಲೆ.

ಓಡುತ್ತಾ ಇಳಿದ. ನೆರೆಮನೆಯ ಗೆಂಪಾಚಿ ಹೊಲದ ಹಿಮ ಬೇಗ ಕರಗಲೆಂದು ಬೂದಿ ಎರಚುತ್ತಿದ್ದ. “ಏನೋ ಗೆಂಪಾಚಿ, ಇನ್ನೂ ಬದುಕಿದ್ದೀಯಾ?” ಎಂದು ಕಿಸಾಕು ಕೂಗಿದ. ಗೆಂಪಾಚಿ ಕತ್ತಿನ ಬಟ್ಟೆ ಬಿಗಿದುಕೊಂಡು, “ಥತ್, ಎಂಥಾ ಚಳಿ!” ಎನ್ನುತ್ತಾ ಇನ್ನೊಂದು ಹಿಡಿ ಎರಚಿದ. ಬೂದಿ ಕಿಸಾಕುವಿನ ಎದೆಯ ಮೂಲಕ ಹಾದು ಹಿಮದ ಮೇಲೆ ಬಿತ್ತು.

ಮನೆಯಲ್ಲಿ ಒಲೆಯ ಪಕ್ಕ ಅತ್ತೆ ಸೊಸೆಯರ ಜಗಳ ನಡೆದಿತ್ತು. ಅವನು ಹೊಸ್ತಿಲಲ್ಲಿ ನಿಂತು ಕರೆದ, ಯಾರೂ ತಿರುಗಲಿಲ್ಲ.

“ಇವತ್ತಿಗೆ ಸಾಕು ಕಣೇ. ನಾಳೆಯಿಂದ ಊಟ ಇಡಬೇಡ. ಎರಡೂ ಕಡೆ ಬಡಿಸಿದರೆ ಅವನು ಇಲ್ಲೂ ಬರಲ್ಲ, ಅಲ್ಲೂ ಹೋಗಲ್ಲ.”

“ಮುಚ್ಚಳ ಒದ್ದೆಯಾಗಿದೆ, ಅತ್ತೆ.”

“ಬಿಸಿ ಅನ್ನ ಮುಚ್ಚಿಟ್ಟರೆ ಒದ್ದೆಯಾಗದೆ ಹೂ ಬಿಡುತ್ತಾ?”

ಮುದುಕಿ ಮುಚ್ಚಳ ತೆಗೆದು ತೋಳಿನಿಂದ ಒರೆಸಿದಳು. ಅನ್ನ ಆರಿಹೋಗುವವರೆಗೆ ಇಬ್ಬರೂ ಕಾದರು. ಆಮೇಲೆ ಮುದುಕಿ ಮತ್ತೊಮ್ಮೆ ಮುಚ್ಚಿ ತೆಗೆದು, ಒಣಗಿಯೇ ಇದ್ದ ಮುಚ್ಚಳವನ್ನು ಸೊಸೆಯ ಮುಖಕ್ಕೆ ಹಿಡಿದಳು. “ಈಗ ನೋಡು. ನನ್ನ ಮಗ ಇಲ್ಲ.” ಒಸುಗಿಯ ಕೈ ಬಟ್ಟಲನ್ನು ಎತ್ತಿಡಲು ನಿಧಾನವಾಗಿ ಮುಂದೆ ಬಂತು. ಆ ಬಟ್ಟಲು ಎದ್ದರೆ ಈ ಮನೆಯಲ್ಲಿ ತನಗೆ ಉಳಿದ ಜಾಗವೂ ಎದ್ದುಹೋಗುತ್ತದೆಂದು ಕಿಸಾಕುವಿಗೆ ತಿಳಿಯಿತು. ಅವನು ಬಗ್ಗಿ ಮುಚ್ಚಳದೊಳಗೆ ಉಸಿರು ಬಿಟ್ಟ. ಏನೂ ಆಗಲಿಲ್ಲ. ಎದೆಯಲ್ಲಿದ್ದಷ್ಟನ್ನೂ ಕೂಡಿಸಿ ಮತ್ತೆ ಬಿಟ್ಟ. ತಣ್ಣನೆಯ ಮುಚ್ಚಳ ಮಸುಕಾಯಿತು. ಹನಿಯೊಂದು ಮೂಡಿ, ದಪ್ಪವಾಗಿ, ಜಾರಿ ತಾಯಿಯ ಮಣಿಕಟ್ಟಿನ ಮೇಲೆ ಬಿತ್ತು. ಮುಚ್ಚಳ ಅವಳ ಕೈಯಿಂದ ಉರುಳಿತು.

ಒಸುಗಿ ಬಟ್ಟಲನ್ನು ಮತ್ತೆ ಅದರ ಜಾಗಕ್ಕೆ ಸರಿಸಿ, ಯಾರೂ ಇಲ್ಲದ ಜಾಗದ ಕಡೆ ತಿರುಗಿದಳು. “ಬಂದ್ರಾ? ಇಷ್ಟು ಹೊತ್ತಾ?” ಎಂದಳಂತೆ. “ಕೂತ್ಕೊಳ್ಳಿ. ಅನ್ನ ಬಿಸಿ ಮಾಡ್ತೀನಿ.”

ಆಮೇಲೂ ಅವನನ್ನು ಯಾರೂ ಕಣ್ಣಾರೆ ಕಾಣಲಿಲ್ಲ ಎನ್ನುತ್ತಾರೆ. ತಾಯಿ ಮಾತ್ರ ಸಾಯುವ ತನಕ ಮಗನನ್ನು ಹೆಸರು ಹಿಡಿದು ಬೈಯುತ್ತಿದ್ದಳು. ಎದುರಿಗಿಲ್ಲದವನನ್ನು ಅಷ್ಟು ಕಾಲ ಬೈಯಲಾಗುವುದಿಲ್ಲ. ಅತ್ತೆ ಹೋದ ಮೇಲೆ ಒಸುಗಿ ಒಬ್ಬಳೇ ಬಹುಕಾಲ ಬಾಳಿದಳು. ಆ ಮನೆ ಈಗಲೂ ನಿಂತಿದೆ. ಚಪ್ಪಲಿ ಬಿಟ್ಟು ಒಳಗೆ ಹೋಗಬಹುದು. ನೆಲದಲ್ಲಿ ತೋಡಿದ ಒಲೆಯ ಪಕ್ಕ, ಅವಳು ಕೂತು ಕೂತು ಹಲಗೆ ತಗ್ಗಾಗಿ ಸವೆದಿದೆ. ಎದುರು ಬದಿಯ ಹಲಗೆಯೂ ಅಷ್ಟೇ ಸವೆದಿದೆ.