ಮೂರು ಗಾಣದ ಎಣ್ಣೆ, ಒಂದು ನೆತ್ತಿ

ಬಾ ಮಗಾ, ತಲೆ ಇನ್ನೂ ಹಸಿ ಇದೆ, ಕೂದಲು ನನ್ನ ತೊಡೆ ಮೇಲೆ ಹರವಿಕೊಂಡು ಮಲಕ್ಕೋ. ಸೀಗೆಕಾಯಿ ಕಣ್ಣಿಗೆ ಹೋಯ್ತು ಅಂತ ಸಂಜೆ ಬೀದಿಗೆಲ್ಲ ಕೇಳೋ ಹಂಗೆ ಅತ್ತೆಯಲ್ಲ, ಅದಕ್ಕೇ ಈ ಕತೆ.

ಒಂದಾನೊಂದು ಕಾಲ, ಕೋಳಿಗಿಂತ ಮೊದಲು ಗಾಣ ಕಿರುಗುಟ್ಟಿ ಊರು ಏಳ್ತಿದ್ದ ಕಾಲದಲ್ಲಿ, ಒಬ್ಬಳು ಗಾಣಿಗರ ಮುದುಕಿ ಇದ್ದಳಂತೆ. ಅವಳಿಗೆ ಮೂರು ಜನ ಗಂಡುಮಕ್ಕಳು, ಮೂವರಿಗೂ ಮದುವೆಯಾಗಿ ಒಬ್ಬೊಬ್ಬನಿಗೆ ಒಂದೊಂದು ಗಾಣ. ದೊಡ್ಡವನು ಎಳ್ಳು ಆಡಿಸೋನು, ನಡುವಲವನು ಹರಳು ಆಡಿಸೋನು, ಕಿರಿಯವನು ಕೊಬ್ಬರಿ ಆಡಿಸೋನು. ಇವರೆಲ್ಲ ಆದಮೇಲೆ ಹುಟ್ಟಿದ ಒಬ್ಬಳೇ ಮಗಳು, ಸಿರಿಯಕ್ಕ ಅಂತ. ಕೂದಲು ಮೊಣಕಾಲು ಮುಟ್ಟೋದಂತೆ. ಮುದುಕಿ ಮಗಳ ನೆತ್ತಿಗೆ ಎಣ್ಣೆ ತಟ್ಟೋಳು, ವಾರಕ್ಕೊಂದು ಸಲ ಸೀಗೆಕಾಯಿ ಹಾಕಿ, ಜಿಡ್ಡು ಹೋಗೋ ತನಕ ಬಿಡದೆ ಉಜ್ಜಿ ಎರೆಯೋಳಂತೆ.

ಆಮೇಲೆ ಮುದುಕಿ ಕಾಯಿಲೆ ಬಿದ್ದಳು. ಸಾಯೋ ಹೊತ್ತಿಗೆ ಗಂಡುಮಕ್ಕಳನ್ನ ಹತ್ತಿರ ಕರೆದು, ನನ್ನ ಮಗಳ ನೆತ್ತಿ ಒಣಗಿಸಬ್ಯಾಡ್ರಪ್ಪಾ ಅಂದಳಂತೆ. ಮೂವರೂ ಅವ್ವನ ಕೈ ಮೇಲೆ ಕೈ ಇಟ್ಟು ಆಣೆ ಮಾಡಿದರು. ಎಣ್ಣೆ ಮಾತು ಹೇಳಿದಳು, ಎರೆಯೋ ಮಾತು ಹೇಳೋಕೆ ಉಸಿರು ಉಳಿದಿರಲಿಲ್ಲ ಪಾಪ, ಹೋಗಿಬಿಟ್ಟಳು.

ಆಮೇಲೆ ಶುರುವಾಯ್ತು ನೋಡು. ಬೆಳಗಾದರೆ ದೊಡ್ಡಣ್ಣ ಮರದ ಹುಟ್ಟು ಸೌಟಿನ ತುಂಬ ಎಳ್ಳೆಣ್ಣೆ ತಂದು ತಂಗಿ ನೆತ್ತಿಗೆ ಹೊಯ್ಯೋನು, ಮಧ್ಯಾಹ್ನ ನಡುವಲಣ್ಣ ನಾನೇನು ಕಡಿಮೆ ಅಂತ ಹರಳೆಣ್ಣೆ ಹೊಯ್ಯೋನು, ಸಂಜೆ ಕಿರಿಯಣ್ಣ ಕೊಬ್ಬರಿ ಎಣ್ಣೆ ಹೊಯ್ಯೋನು. ಅವ್ವನ ಮೇಲೆ ಯಾರಿಗೆ ಪ್ರೀತಿ ಜಾಸ್ತಿ ಅನ್ನೋ ಜಗಳವೆಲ್ಲ ಆ ಹುಡುಗಿ ತಲೆ ಮೇಲೆ. ಅತ್ತಿಗೆಯರು ಎರೀತೀವಿ ಅಂತ ಹಂಡೆಗೆ ನೀರು ತುಂಬಿದರೆ, ನೀರು ಬಿದ್ದರೆ ನೆತ್ತಿ ಒಣಗುತ್ತೆ, ಅವ್ವನ ಆಣೆ ಮುರಿಯುತ್ತೆ ಅಂತ ಗಂಡಸರು ಒಲೆಯಿಂದ ಸೌದೆ ಎಳೆದುಬಿಡೋರಂತೆ. ಮಳೆ ಬಂದರೆ ತಂಗಿಗೆ ಗೋಣಿಚೀಲ ಹೊದಿಸಿ ಒಳಗೆ ಕೂರಿಸೋರಂತೆ.

ಎಣ್ಣೆ ಮೇಲೆ ಎಣ್ಣೆ, ಅದರ ಮೇಲೆ ಗಾಣದ ಮನೆ ಧೂಳು, ಹಿಂಡಿ ಪುಡಿ, ಮತ್ತೆ ಎಣ್ಣೆ. ಮೊದಲು ಅಂಟಂಟಾಯ್ತು, ಆಮೇಲೆ ಮೇಣದಂಗಾಯ್ತು, ಆಮೇಲೆ ಬಾಚಣಿಗೆ ಇಟ್ಟರೆ ಹಲ್ಲು ಮುರಿಯೋ ಹಂಗಾಯ್ತಂತೆ. ಕಮಟು ವಾಸನೆ. ಒಳಗೆ ಹೇನು ತುಂಬಿ, ನೆತ್ತಿ ಹುಣ್ಣಾಗಿ, ಕೀವು ಕಿವಿ ಹಿಂದೆ ಇಳಿಯೋದಂತೆ. ಓರಗೆಯ ಹುಡುಗೀರು ಆಟಕ್ಕೆ ಸೇರಿಸೋರಲ್ಲ, ಎಣ್ಣೆ ಮಡ್ಡಿ ಬಂತು ದೂರ ನಿಲ್ಲಿ ಅನ್ನೋರಂತೆ. ತಲೆ ಭಾರಕ್ಕೆ ಕುತ್ತಿಗೆ ವಾಲಿಸಿಕೊಂಡು ಅವಳು ಗಾಣದ ಎತ್ತಿನ ಪಕ್ಕ ಕೂತಿರೋಳು. ಅದೊಂದು ಎತ್ತು ಮಾತ್ರ ಮೂಗು ಮುಚ್ಚಿಕೊಳ್ಳುತ್ತಿರಲಿಲ್ಲ.

ಆಮೇಲೆ ಒಂದು ದಿನ ಗುಡ್ಡದಿಂದ ಜಡೆಯವ್ವ ಇಳಿದು ಬಂದಳಂತೆ. ಅವಳು ಗುಡ್ಡದಮ್ಮನ ಗುಡಿಯೋಳು, ಸೊಂಟದ ತನಕ ಹಗ್ಗದಂಥ ಗಂಟು ಜಡೆ, ಮುಖದಲ್ಲಿ ನಗು ಅನ್ನೋದೇ ಇಲ್ಲ. ಆ ಸೀಮೆಯಲ್ಲಿ ಒಂದು ಪದ್ಧತಿ ಇತ್ತು ಮಗಾ. ಯಾವ ಹೆಣ್ಣುಮಗುವಿನ ಕೂದಲು ಗಂಟು ಜಡೆಯಾಗುತ್ತೋ ಅದು ಅಮ್ಮನ ಪಾಲು, ಗುಡ್ಡಕ್ಕೆ ಬಿಟ್ಟುಬಿಡಬೇಕು. ಹೋದೋರು ಹಬ್ಬಕ್ಕೂ ತೌರಿಗೆ ಬರೋ ಹಂಗಿಲ್ಲ. ಒಬ್ಬಳು ತಡೆಯಲಾರದೆ ಓಡಿ ಬಂದಿದ್ದಳಂತೆ, ಊರವರೇ ಅವಳ ಕೈ ಕಟ್ಟಿ ವಾಪಸ್ಸು ಬಿಟ್ಟು ಬಂದರಂತೆ. ಜಡೆಗೆ ಕತ್ತರಿ ತಾಕಿಸಿದರೆ ಮನೆಯೋರೆಲ್ಲ ರಕ್ತ ಕಾರಿ ಸಾಯ್ತಾರೆ ಅಂತ ಭಯ ಬೇರೆ.

ಜಡೆಯವ್ವ ಸಿರಿಯಕ್ಕನ ತಲೆ ಮುಟ್ಟಿ, ಅಮ್ಮ ಇವಳನ್ನ ಕೇಳ್ತಾ ಇದ್ದಾಳೆ, ಹುಣ್ಣಿಮೆಗೆ ಬಂದು ಕರಕೊಂಡು ಹೋಗ್ತೀನಿ ಅಂದಳಂತೆ. ಅಣ್ಣಂದಿರು ಕೈ ಮುಗಿದು ಹಿಂದೆ ಸರಿದರು. ಕಿರಿಯತ್ತಿಗೆ ಕಾಲಿಗೆ ಬಿದ್ದು, ಬೇರೆ ದಾರಿ ಇಲ್ಲವಾ ತಾಯಿ ಅಂದಳು. ಕತ್ತರಿ ಸೋಕದೆ, ಒಂದು ಎಳೆ ಕಡಿಯದೆ ಜಡೆ ಬಿಚ್ಚಿಕೊಂಡರೆ ಅದು ಅಮ್ಮಂದಲ್ಲ, ಆದರೆ ಇಷ್ಟು ವರ್ಷದಲ್ಲಿ ಬಿಚ್ಚಿದ್ದನ್ನ ನಾನಂತೂ ನೋಡಿಲ್ಲ ಅಂತ ಹೇಳಿ ಜಡೆಯವ್ವ ಹೊರಟುಹೋದಳಂತೆ.

ಗಂಡಸರು ಸಂತೆಗೆ ಹೋದಾಗ ಅತ್ತಿಗೆಯರು ಒಬ್ಬೊಬ್ಬರಾಗಿ ಕೈ ಹಾಕಿದರು. ದೊಡ್ಡತ್ತಿಗೆ ಒಲೆ ಬೂದಿ ಕಲಸಿದ ನೀರು ಹಾಕಿ ತಿಕ್ಕಿದಳು. ಹುಣ್ಣಿಗೆ ಬೂದಿ ಬಿದ್ದು ಹುಡುಗಿ ಚೀರಿ ಚೀರಿ ಎಚ್ಚರ ತಪ್ಪಿದಳು, ಜಡೆ ಅಲ್ಲಾಡಲಿಲ್ಲ. ಇನ್ನೊಂದು ಸಂತೆಗೆ ನಡುವಲತ್ತಿಗೆ ಕಡ್ಲೆಹಿಟ್ಟು ಹಾಕಿದಳು. ಹಿಟ್ಟು ಜಿಡ್ಡಿಗೆ ಕಚ್ಚಿಕೊಂಡು ಗೋಡೆಗೆ ಮೆತ್ತಿದ ಸಗಣಿ ಹಂಗೆ ಒಣಗಿತು, ಮೊದಲಿಗಿಂತ ಕೆಟ್ಟುಹೋಯ್ತು. ಮೂರನೇ ಸಂತೆಗೆ ಕಿರಿಯತ್ತಿಗೆ ಸೀಗೆಕಾಯಿ ಕುಟ್ಟಿ ಹಾಕಿದರೆ, ಕೆಸುವಿನೆಲೆ ಮೇಲೆ ನೀರು ಜಾರೋ ಹಂಗೆ ಸೀಗೆಕಾಯಿ ಎಲ್ಲ ಜಾರಿಹೋಯ್ತಂತೆ. ಅವಳು ತಲೆ ಮೇಲೆ ಕೈ ಹೊತ್ತು, ಅಮ್ಮನೇ ಹಿಡಿದಿರಬೇಕು ಕಣೇ ಸಿರಿ, ನನ್ನ ಕೈಲಿ ಆಗಲ್ಲ ಅಂತ ಅತ್ತುಬಿಟ್ಟಳು.

ಹುಣ್ಣಿಮೆ ಬಂತು. ಬಿಸಿಲು ಏರೋ ಹೊತ್ತಿಗೆ ಜಡೆಯವ್ವ ಬಂದು ಅಂಗಳದ ಕಲ್ಲಿನ ಮೇಲೆ ಕೂತಳು, ಊರೆಲ್ಲ ಸೇರಿತು. ಅಣ್ಣಂದಿರು ಅವತ್ತು ಗಾಣ ಹೂಡಿರಲಿಲ್ಲ. ಹೂಡದ ಗಾಣವನ್ನ ಸೊಸೆಯರು ತೊಳೆದಿಡೋದು ಆ ಮನೆ ರೂಢಿ, ಕೈಗೆ ಬೇರೆ ಕೆಲಸ ತೋಚದೆ ಕಿರಿಯತ್ತಿಗೆ ಅಳುತ್ತಾ ಅದನ್ನೇ ಮಾಡ್ತಿದ್ದಳಂತೆ. ಗಾಣದ ಒರಳಲ್ಲಿ ಕಟ್ಟಿದ ಹಳೇ ಮಡ್ಡಿ ನೀರಿಗೆ ಬಗ್ಗಲ್ಲ. ಹೊಸ ಎಣ್ಣೆ ಬೆಚ್ಚಗೆ ಮಾಡಿ ಸವರಿ, ನೆನೆಯೋಕೆ ಬಿಟ್ಟು, ಮೆತ್ತಗಾದ ಮೇಲೆ ತೌಡು ಹಾಕಿ ಒರೆಸಿ, ಕೊನೆಗೆ ಬಿಸಿನೀರು. ಸಿರಿಯಕ್ಕ ವಾಲಿದ ಕುತ್ತಿಗೆಯಲ್ಲೇ ಅದನ್ನ ನೋಡ್ತಾ ಇದ್ದೋಳು, ಅತ್ತಿಗೆ, ನನ್ನ ತಲೇನೂ ಒರಳು ಅಂದುಕೋ ಅಂದಳಂತೆ.

ಕಿರಿಯತ್ತಿಗೆ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿದಳು. ಹಂಡೆಗೆ ಉರಿ ಹಾಕೋಕೆ ಹೋದಾಗ ದೊಡ್ಡಣ್ಣ ಒಲೆ ಮುಂದೆ ಅಡ್ಡ ನಿಂತ. ಅವ್ವನ ಆಣೆ, ನೀರು ಬೀಳಬಾರದು ಅಂದ. ಆಗ ಸಿರಿಯಕ್ಕ ಕೂತಲ್ಲಿಂದಲೇ ಕೇಳಿದಳಂತೆ.

"ಅಣ್ಣಾ, ಒಣಗಿಸಬ್ಯಾಡ ಅಂದಳು ಅವ್ವ. ಕೊಳೆಸು ಅಂದಿದ್ದಳಾ?"

ದೊಡ್ಡಣ್ಣ ಬಗ್ಗಿ ತಾನೇ ಒಲೆಗೆ ಸೌದೆ ಹಾಕಿದನಂತೆ.

ಆಮೇಲೆ ಮೂವರು ಅತ್ತಿಗೆಯರೂ ಸುತ್ತ ಕೂತರು. ಬೆಚ್ಚಗಿನ ಎಣ್ಣೆ ಸವರೋದು, ನೆನೆಯೋಕೆ ಬಿಡೋದು, ಮೆತ್ತಗಾದ ಮಡ್ಡಿಯನ್ನ ಬೆರಳಲ್ಲಿ ಎಳೆದು ತೆಗೆಯೋದು, ಸೀಗೆಕಾಯಿಗೆ ರಾಗಿ ಗಂಜಿ ಸೇರಿಸಿ ತಿಕ್ಕೋದು, ಎರೆಯೋದು, ಮತ್ತೆ ಸವರೋದು. ನೀರು ಮೊದಲು ಟಾರಿನ ಹಂಗೆ ಕಪ್ಪಗೆ ಇಳೀತು, ಆಮೇಲೆ ಕಂದು, ಆಮೇಲೆ ರಕ್ತ ಬೆರೆತು ಕೆಂಪು. ಹುಡುಗಿ ಹಲ್ಲು ಕಚ್ಚಿಕೊಂಡು ಕೂತಿದ್ದಳು. ಹೊತ್ತು ಇಳಿಯೋ ವೇಳೆಗೆ ಜಡೆ ಹಿಂಜಿಕೊಂಡು, ಕೂದಲು ಎಳೆ ಎಳೆಯಾಗಿ ಭುಜದ ಮೇಲೆ ಬಿತ್ತಂತೆ. ನೆತ್ತಿ ಮಧ್ಯೆ ಹುಣ್ಣು ತಿಂದಿದ್ದ ಅಂಗೈ ಅಗಲ ಮಾತ್ರ ಬೋಳು. ಅಲ್ಲಿ ಕೂದಲು ಆಮೇಲೂ ಬರಲಿಲ್ಲ ಬಿಡು.

ಊರವರು ಜಡೆಯವ್ವನ ಮುಖ ನೋಡಿದರು. ಅವಳು ಎದ್ದು ಬಂದಳು, ಹುಡುಗಿ ಕೂದಲನ್ನ ಕೈಯಲ್ಲಿ ಹಿಡಿದು ನೋಡಿದಳು, ಮೂಸಿದಳು. ಇದು ಅಮ್ಮಂದಲ್ಲ ಅಂದಳು. ಆಮೇಲೆ ಹೋಗಲಿಲ್ಲ, ಅಲ್ಲೇ ನಿಂತಿದ್ದಳು. ಕೊನೆಗೆ ಕಿರಿಯತ್ತಿಗೆ ಕಡೆ ತಿರುಗಿ, ಯಾರಿಗೂ ಕೇಳಬಾರದು ಅನ್ನೋ ಹಂಗೆ ಕೇಳಿದಳಂತೆ.

"ತಾಯಿ, ಎಣ್ಣೆ ಇನ್ನೂ ಉಳಿದೈತಾ?"

ಅದೇ ಮಣೆ ಮೇಲೆ ಅವಳನ್ನ ಕೂರಿಸಿದರು. ಎಷ್ಟು ವರ್ಷದ ಗಂಟೋ ಏನೋ, ಬೇಗ ಬಗ್ಗಲಿಲ್ಲ. ದಿನವೂ ಸವರಿದರು, ದಿನವೂ ಎರೆದರು. ಒಂದು ದಿನ ತುದಿಯ ಗಂಟು ಸಡಿಲಾಗಿ ಒಳಗಿಂದ ಏನೋ ಉದುರಿತಂತೆ. ಸಿರಿಯಕ್ಕ ಎತ್ತಿ ತೊಳೆದು ನೋಡಿದರೆ ಕೆಂಪು ದಾರದ ಸಣ್ಣ ಕುಚ್ಚು, ಕೂಸುಮಕ್ಕಳ ಜಡೆ ತುದಿಗೆ ಅವ್ವಂದಿರು ಕಟ್ಟೋ ಅಂಥಾದ್ದು. ಜಡೆಯವ್ವ ಅದನ್ನ ಅಂಗೈಯಲ್ಲಿ ಇಟ್ಟುಕೊಂಡು ಬೆರಳಲ್ಲಿ ಸವರಿ ನೋಡಿದಳು. ನಮ್ಮವ್ವ ನನಗೂ ತಲೆ ಬಾಚಿದ್ದಳು ಅಂದಳು. ಆಮೇಲೆ ಅಷ್ಟು ವಯಸ್ಸಾದೋಳು, ನಿನ್ನ ವಯಸ್ಸಿನ ಮಕ್ಕಳು ಅಳ್ತಾರಲ್ಲ, ಹಂಗೆ ಅತ್ತಳಂತೆ.

ಆಮೇಲೆ ಅವಳು ಗುಡ್ಡ ಹತ್ತಿ ಹೋಗಿ, ಅಲ್ಲಿದ್ದ ಇಬ್ಬರು ಸಣ್ಣ ಹುಡುಗೀರ ಕೈ ಹಿಡಿದುಕೊಂಡು ಇಳಿದು ಬಂದಳಂತೆ. ಅವರಿಗೂ ಎರೆದರು. ಒಬ್ಬಳ ತೌರಿನವರು ಓಡಿ ಬಂದು ಎತ್ತಿಕೊಂಡರು. ಇನ್ನೊಬ್ಬಳ ತೌರಿನವರು ಬಾಗಿಲು ತೆಗೆಯಲಿಲ್ಲ. ಅವಳು ಜಡೆಯವ್ವನ ಜೊತೆ ಕಿರಿಯತ್ತಿಗೆ ಹತ್ತಿರವೇ ಉಳಿದಳು. ಸಿರಿಯಕ್ಕ ಗುಡ್ಡದ ಪಾಲಾಗದೆ ತನ್ನ ಮನೇಲಿ, ತನ್ನ ಚಾಪೆ ಮೇಲೆ, ಹಗುರ ತಲೆ ಇಟ್ಟುಕೊಂಡು ಮಲಗಿದಳಂತೆ.

ಅವರ ಕತೆ ಅಲ್ಲಿಗೆ ಮುಗೀತು, ಅವರು ಅಲ್ಲಿ ಸುಖವಾಗಿದ್ದರು, ನಾವು ಇಲ್ಲಿ ಹಿಂಗಿದ್ದೀವಿ. ಆ ಕಡೆ ತಿರುಗು ಮಗಾ, ಈ ಪಕ್ಕದ ಕೂದಲೂ ಒಣಗಲಿ.