ಏಳು ಮೊಳದ ಶಾಲು

"ಬುದ್ಧಿ, ಬಲ್ಲವನು ತಾನು ಬಲ್ಲದ್ದನ್ನು ಮುಚ್ಚಿಡದೆ ಜನರಿಗೆ ಹೇಳಿಕೊಟ್ಟರೆ ಅವನ ಕೆಲಸ ಮುಗಿದಂತಲ್ಲವೇ?"

ಹನ್ನೆರಡು ವರ್ಷ ಮಠದಲ್ಲಿ ಓದಿ, ಇನ್ನು ಊರೂರಿಗೆ ಬೋಧನೆಗೆ ಹೊರಡಲಿದ್ದ ಮುರಿಗೆಯ್ಯ ಹೀಗೆ ಕೇಳಿದ. ಗುರುಗಳು ಹೇಳಿದರು:

ಒಬ್ಬ ಅರಿಸಿನದ ವ್ಯಾಪಾರಿಯಿದ್ದ. ಎತ್ತುಗಳ ಮೇಲೆ ಹೇರು ಹಾಕಿಕೊಂಡು ವರ್ಷಕ್ಕೆರಡು ಬಾರಿ ಬೆಟ್ಟ ದಾಟುತ್ತಿದ್ದ. ಅವನ ಹೆಗಲ ಮೇಲೆ ಏಳು ಮೊಳದ ಒಂದು ಉಣ್ಣೆಯ ಶಾಲು. ಬಿಸಿಲಿನಲ್ಲಿ ಅದನ್ನು ನೆನೆಸಿ ತಲೆಗೆ ಸುತ್ತುತ್ತಿದ್ದ. ದೂಳೆದ್ದರೆ ಮೂಗು ಬಾಯಿಗೆ ಕಟ್ಟುತ್ತಿದ್ದ. ಕದಡಿದ ಹಳ್ಳದ ನೀರನ್ನು ಅದರಲ್ಲೇ ಸೋಸಿ ಕುಡಿಯುತ್ತಿದ್ದ. ಒಮ್ಮೆ ಕಮರಿಗೆ ಜಾರಿದ ಆಳನ್ನು ಅದರಿಂದಲೇ ಮೇಲಕ್ಕೆ ಎಳೆದಿದ್ದ. ಆ ಆಳಿನ ಮುರಿದ ತೋಳನ್ನು ಅದರಲ್ಲೇ ಕೊರಳಿಗೆ ತೂಗುಹಾಕಿ ಊರು ಮುಟ್ಟಿಸಿದ್ದ.

ತಂಗಿದಲ್ಲೆಲ್ಲ ಈ ವಿದ್ಯೆಯನ್ನು ಅವನು ಹೇಳಿಕೊಡುತ್ತಿದ್ದ. ಅದಕ್ಕಾಗಿ ಏನನ್ನೂ ಕೇಳುತ್ತಿರಲಿಲ್ಲ. ಜನ ಸೇರಿದರೆ ಅವನಿಗೆ ಊಟವೂ ಮರೆತುಹೋಗುತ್ತಿತ್ತು. ಅವನ ಮಾತು ಕೇಳಿ ದಾರಿಯಲ್ಲಿ ಜೀವ ಉಳಿಸಿಕೊಂಡವರೂ ಇದ್ದರು.

ಒಂದು ಮಾಘಮಾಸದಲ್ಲಿ, ಬೆಟ್ಟದ ನೆತ್ತಿಯ ಮಂಟಪದಲ್ಲಿ ಒಬ್ಬ ಕುಂಬಾರ ಹೆಂಗಸು ಕುಳಿತಿದ್ದಳು. ಮಡಿಲಲ್ಲಿ ಮೂರು ತಿಂಗಳ ಕೂಸು. ತವರಿಗೆ ಹೊರಟವಳು. ಕರೆದೊಯ್ಯಲು ತಮ್ಮ ಅಲ್ಲಿಗೇ ಬರಬೇಕಿತ್ತು, ಬಂದಿರಲಿಲ್ಲ. ಅವನು ಬಂದು ಹುಡುಕಿಯಾನು ಎಂದು ಅವಳು ಅಲ್ಲಿಂದ ಏಳಲಾರಳು. ಹೊತ್ತು ಇಳಿಯುತ್ತಿತ್ತು. ಗಾಳಿ ಕೊರೆಯುತ್ತಿತ್ತು.

"ಅಣ್ಣಾ, ಕೂಸು ನಡುಗುತ್ತಿದೆ. ಏನು ಮಾಡಲಿ?" ಎಂದಳು.

ವ್ಯಾಪಾರಿ ಎತ್ತುಗಳನ್ನು ನಿಲ್ಲಿಸಿದ. "ಇಷ್ಟೇ ತಾನೇ ತಾಯಿ! ಮೈಗೆ ಮೈ ತಾಗುವಂತೆ ಕೂಸನ್ನು ಎದೆಗೆ ಒತ್ತಿಕೋ. ಬಟ್ಟೆಯನ್ನು ಬೆನ್ನ ಹಿಂದಿನಿಂದ ತಂದು ಅದರ ಮೇಲೆ ಅಡ್ಡಹಾಯಿಸು. ನೆತ್ತಿ ಮುಚ್ಚಬೇಕು, ಮೂಗು ಬಿಡಬೇಕು. ಗಂಟು ಪಕ್ಕೆಗೆ ಬರಲಿ."

ತನ್ನ ಶಾಲನ್ನೇ ತೆಗೆದುಕೊಟ್ಟು ಅವಳ ಕೈಯಿಂದಲೇ ಕಟ್ಟಿಸಿದ. ಅವಳು ಒಂದು ಸಲ ತಪ್ಪಿದಳು. ಬೇಸರಿಸದೆ ಬಿಚ್ಚಿಸಿ ಮತ್ತೆ ಕಟ್ಟಿಸಿದ. ಕೂಸಿನ ನಡುಕ ನಿಂತಿತು. ಅದು ನಿದ್ದೆಹೋಯಿತು.

"ಈಗ ಬಂತಲ್ಲ? ನಿನ್ನ ಸೆರಗಿನಲ್ಲಿ ಹೀಗೆಯೇ ಕಟ್ಟಿಕೋ" ಎಂದು ಅವನು ಕೈ ನೀಡಿದ.

ಅವಳು ಶಾಲನ್ನು ಬಿಚ್ಚಿ ಕೊಟ್ಟಳು. ಏನೋ ಕೇಳಲು ಬಾಯಿ ತೆರೆದಳು. ಅವನಾಗಲೇ ಶಾಲನ್ನು ಕಿವಿಗೆ ಸುತ್ತಿಕೊಂಡು ಎತ್ತುಗಳನ್ನು ಹೊಡೆಯುತ್ತಿದ್ದ. ಅವನಿಗೂ ಚಳಿಯಿತ್ತು. ಕತ್ತಲಾಗುವ ಮೊದಲು ಕೆಳಗಿನ ಊರು ಸೇರಬೇಕಿತ್ತು. ಒಂದು ಒಳ್ಳೆಯ ಕೆಲಸ ಮಾಡಿದೆನೆಂಬ ಹಿಗ್ಗಿನಲ್ಲಿ ಅವನು ಬೆಟ್ಟ ಇಳಿದ.

ಮರುದಿನ ಬೆಳಿಗ್ಗೆ ಆ ಊರ ಚಾವಡಿಯಲ್ಲಿ ಜನ ಅವನ ಸುತ್ತ ಕುಳಿತಿದ್ದರು. ಮಂಟಪದಲ್ಲಿ ಕಲಿಸಿದ್ದನ್ನೇ ಅವನು ಅವರಿಗೆ ಹೇಳುತ್ತಿದ್ದ. ಆಗ ಅವಳು ತಮ್ಮನೊಡನೆ ಬಂದಳು. ತಮ್ಮ ಮಂಟಪ ಮುಟ್ಟುವಾಗ ಬೆಳಕು ಹರಿದಿತ್ತು. ಕೂಸು ಅವಳ ಎದೆಯ ಮೇಲೆಯೇ ಇತ್ತು. ಜೀವವಿರಲಿಲ್ಲ. ಸವೆದ ನೂಲಿನ ಸೆರಗನ್ನು ಹರಿದು ಕೂಸನ್ನು ಕಟ್ಟಿಕೊಂಡಿದ್ದಳು. ಬಿಚ್ಚಲು ತಮ್ಮನನ್ನೂ ಬಿಟ್ಟಿರಲಿಲ್ಲ.

ಅವಳು ಬಯ್ಯಲಿಲ್ಲ. ಜನರ ನಡುವೆ ಹಾದು ವ್ಯಾಪಾರಿಯ ಮುಂದೆ ನಿಂತಳು.

"ನೀವು ಹೇಳಿದ ಹಾಗೆಯೇ ಕಟ್ಟಿದೆನಲ್ಲ ಅಣ್ಣಾ. ಎಲ್ಲಿ ತಪ್ಪಿದೆ, ನೋಡಿ ಹೇಳಿ" ಎಂದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಮುರಿಗೆಯ್ಯ ಕೇಳಿದ: "ಅವನು ಏನು ಹೇಳಿದ ಬುದ್ಧಿ?"

"ಬಗ್ಗಿ ಗಂಟು ನೋಡಿ, ಸರಿಯಾಗಿಯೇ ಕಟ್ಟಿದ್ದೀಯೆ ತಾಯಿ ಎಂದ."